ಹನ್ನೊಂದರೊಳಗೆ ಒಂದು ನವಿಲು

ಕಸೂತಿ ಕಲಿಸುವ ಗೌರವ್ವ ತೀರಿಕೊಂಡು ಮೂರು ವರ್ಷವಾಗಿತ್ತು. ಈಗ ಅವರೂ ಎಲ್ಲ ಸತ್ತವರಂತೆ ಬಾಡಿಗೆಯ ಯಂತ್ರದಲ್ಲಿದ್ದು, ಧಾರವಾಡದ ತಮ್ಮ ಹಳೆಯ ತರಗತಿಯ ಪರದೆಯಿಂದಲೇ ಪಾಠ ಹೇಳುತ್ತಿದ್ದರು.

ಅಂದು ಬೆಳಿಗ್ಗೆ ಹನ್ನೊಂದಕ್ಕೆ ಅವರ ಯಂತ್ರ ಬದಲಾಗುವುದಿತ್ತು. ಹಳೆಯ ವಿನ್ಯಾಸಗಳೆಲ್ಲ ಶಾಶ್ವತ ಡಿಸ್ಕಿನಲ್ಲಿ ಭದ್ರವಾಗಿದ್ದವು, ಆದರೆ ಅದು ತುಂಬಿಹೋಗಿತ್ತು. ಈ ವಾರ ಅವರಿಗೆ ಹೊಳೆದ ಹೊಸ ನವಿಲಿನ ವಿನ್ಯಾಸ ಮಾತ್ರ ತಾತ್ಕಾಲಿಕ ಡಿಸ್ಕಿನಲ್ಲಿತ್ತು. ಯಂತ್ರ ಬದಲಾದೊಡನೆ ಅದು ಖಾಲಿಯಾಗುತ್ತದೆ, ಅದರಲ್ಲಿದ್ದುದು ಅವರ ನೆನಪಿನಿಂದಲೂ ಹೋಗುತ್ತದೆ.

“ಹಳೇದೊಂದು ಅಳಸಿ ಜಾಗಾ ಮಾಡ್ರಿ, ಅಮ್ಮಾರ,” ಎಂದಳು ಶಿಷ್ಯೆ ಶಮಶಾದ್.

“ಅವು ನಮ್ಮವ್ವ ಕಲಿಸಿದ್ದು. ಒಂದೂ ಅಳಸೂದಿಲ್ಲ. ನಿನ್ನ ಕೈಯಾಗ ಬಟ್ಟಿ ಐತಲ್ಲ, ಹಾಕು. ಎಡಕ್ಕ ನಾಕು ಎಳಿ ಎಣಸು.”

ಶಮಶಾದ್ ಎಣಿಸುತ್ತ ಹಾಕುತ್ತ ಹೋದಳು. ಪಕ್ಕದಲ್ಲಿದ್ದ ಚಹಾ ಆರಿತು. ಹತ್ತೂ ಐವತ್ತಕ್ಕೆ ದಾರ ಮುಗಿಯಿತು. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ, ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕು. ಆದರೂ ಅವಳು ಹಿಂಬದಿಯಲ್ಲಿ ಒಂದು ಗಂಟು ಹಾಕಿ ಹೊಸ ದಾರ ಕೂಡಿಸಿದಳು. ಕೊನೆಯ ಗರಿ ಮುಗಿಯುವುದಕ್ಕೂ ಪರದೆ ಕಪ್ಪಾಗುವುದಕ್ಕೂ ಸರಿಹೋಯಿತು.

ಪರದೆ ಮತ್ತೆ ಬೆಳಗಿದಾಗ ಅವಳು ಬಟ್ಟೆಯನ್ನು ಎತ್ತಿ ಹಿಡಿದಳು.

“ಭಾಳ ಚಂದ ಐತಿ. ಯಾರು ತೆಗೆದ ನವಿಲಿದು?” ಎಂದರು ಗೌರವ್ವ.

“ನೀವ ಹೇಳಿದ್ರಿ, ಅಮ್ಮಾರ.”



“ಹಂಗಾರ ತಿರುವಿ ಹಿಂದ ತೋರಸು.”

ಶಮಶಾದ್ ಮೆಲ್ಲಗೆ ತಿರುಗಿಸಿದಳು.

“ಬಿಚ್ಚು. ನವಿಲು ನಾ ಮರ್ತಿರಬಹುದು, ಗಂಟು ಹಾಕಂತ ಮಾತ್ರ ಹೇಳಿರೂದಿಲ್ಲ.”