ಫೋನಿನ ಪಾಳಿ

ವಿಶ್ವಸಂಸ್ಥೆಯ ಶಾಂತಿಪಡೆಯ ಶಿಬಿರದ ಮೇಲೆ ಶೆಲ್ ಬಿದ್ದ ಸುದ್ದಿಯನ್ನು ಸಿದ್ರಾಯ ಕಲ್ಲೋಳಿಯ ಬಸ್ ಸ್ಟ್ಯಾಂಡ್ ಎದುರಿನ ಚಹಾದಂಗಡಿಯಲ್ಲಿ, ಯಾರದೋ ಮೊಬೈಲಿನಲ್ಲಿ ನೋಡಿದ. ಇಬ್ಬರು ಸತ್ತಿದ್ದರು. ಯಾವ ದೇಶದವರು, ಗಂಡಸರೋ ಹೆಂಗಸರೋ ಹೇಳಿರಲಿಲ್ಲ. ಊರಿನ ಹೆಸರನ್ನು ಮಾತ್ರ ಸ್ಪಷ್ಟವಾಗಿ ಹೇಳಿದ್ದರು. ಆಫ್ರಿಕಾದ ಆ ಊರಿನಲ್ಲೇ ಅವನ ಹೆಂಡತಿ ದಾಕ್ಷಾಯಿಣಿ ನೀಲಿ ಟೊಪ್ಪಿಗೆ ಹಾಕಿಕೊಂಡು ಕಾವಲು ನಿಲ್ಲುತ್ತಿದ್ದಳು.

ಅವಳ ಫೋನು ಸ್ವಿಚ್ ಆಫ್ ಆಗಿತ್ತು. ಮನೆಗೆ ಬಂದು ತಾಯಿ ಕೆಂಪವ್ವನಿಗೆ ಹೇಳಿದ. ಆಕೆ ಎದ್ದು ಬೈಕಿನ ಕೀಲಿ ತಂದು ಅವನ ಕೈಗಿಟ್ಟಳು.

"ದಾಕ್ಷಿಯ ಅವ್ವ ಮನ್ಯಾಗ ಒಬ್ಬಾಕಿನ ಅದಾಳ. ಬೀಗರು ಕುರಿ ಹೊಡ್ಕೊಂಡು ಹೊಳಿ ಕಡೆ ಹೋಗ್ಯಾರ. ಇಂಥಾದ್ದನ್ನ ಅಕಿ ಮಂದಿ ಬಾಯಾಗಿಂದ ಕೇಳಬಾರ್ದು. ನೀ ಹೋಗಿ ಬಾಜೂ ಕುಂಡ್ರು. ಹೇಳೂ ಹೊತ್ತು ಬಂದ್ರ ಹೇಳು."

ಗೋಕಾಕ, ಘಟಪ್ರಭಾ, ಹುಕ್ಕೇರಿ. ಊರು ಬಂದಲ್ಲೆಲ್ಲ ಗಾಡಿ ನಿಲ್ಲಿಸಿ ಫೋನು ಹಚ್ಚಿದ. ಅದೇ ಉತ್ತರ. ಲಗ್ನವಾಗಿ ಒಂದು ಪಂಚಮಿಯನ್ನೂ ಅವರು ಜೊತೆಯಾಗಿ ಮಾಡಿರಲಿಲ್ಲ. ಸೈನ್ಯದಿಂದ ರಜೆಯಲ್ಲಿ ಬಂದು ಲಗ್ನವಾದವಳು ರಜೆ ಮುಗಿಸಿ ಹೋದಳು. ಅಲ್ಲಿಂದ ಶಾಂತಿಪಡೆಗೆ ಆಯ್ಕೆಯಾಗಿ ಸಮುದ್ರದಾಚೆಗೆ ಹೋದಳು. ಅವನ ಪಾಲಿಗೆ ಹೆಂಡತಿ ಎಂದರೆ ಹೆಚ್ಚಾಗಿ ಒಂದು ದನಿ. ಆ ದನಿಯಲ್ಲೇ ಅವಳ ದಣಿವನ್ನು, ಹುಸಿಮುನಿಸನ್ನು, ತಡೆದುಕೊಂಡ ನಗುವನ್ನು ಗುರುತಿಸುವಷ್ಟು ಪಳಗಿದ್ದ. ಒಮ್ಮೆ ಕಬ್ಬಿಗೆ ನೀರು ಹಾಯಿಸುವಾಗ, "ನೀರಿನ ಸಪ್ಪಳ ಕೇಳಸ್ರಿ" ಎಂದಿದ್ದಳು. ಕೈ ಸೋಲುವವರೆಗೆ ಕಾಲುವೆಗೆ ಬಾಗಿ ಫೋನು ಹಿಡಿದಿದ್ದ.

ನಿಡಸೋಸಿಯ ಹೊರಗಿನ ಹೊಲದ ಮನೆಯಲ್ಲಿ ಅತ್ತೆ ಕಾಶೆವ್ವ ಒಲೆಯ ಮುಂದಿದ್ದಳು. ಅಳಿಯನನ್ನು ಕಂಡು ಮುಖ ಅರಳಿತು.

"ಬರ್ರಿ, ಬರ್ರಿ! ಹೇಳದ ಕೇಳದ ಬಂದ್ರಲ್ಲ. ಬಿಸಿಲಾಗ ಬಾಯಿ ಒಣಗೇತಿ ನೋಡ್ರಿ. ಕುಂಡ್ರಿ, ಬಿಸಿ ರೊಟ್ಟಿ ಬಡದಕೊಡ್ತೇನಿ. ದಾಕ್ಷಿ ಫೋನ್ ಮಾಡಿದ್ಲೇನ್ರಿ?"

"ಮೊನ್ನಿ ಮಾಡಿದ್ಲ್ರಿ, ಅತ್ತಿ."

"ಶಾಂತಿಪಡಿ ಅಂದ್ರ ಜಗಳ ಇಲ್ಲದ ಕಡೆ ಇರೂದಂತ. ಅಕಿನ ಹೇಳ್ಯಾಳ. ಅದಕ್ಕ ನನಗೇನೂ ಚಿಂತಿಲ್ಲ ನೋಡ್ರಿ."

ಜಗಳವಾಡುವವರ ನಟ್ಟನಡುವೆ ನಿಲ್ಲುವುದೇ ಆ ಕೆಲಸ, ಮೊದಲ ಗುಂಡು ತಾವಾಗಿ ಹಾರಿಸುವಂತಿಲ್ಲ ಎಂಬುದು ಸಿದ್ರಾಯನಿಗೆ ಗೊತ್ತಿತ್ತು. ಹೂಂ ಎಂದ. ತಾಟಿನಲ್ಲಿ ರೊಟ್ಟಿ ಮುರಿದ.

ಆಗ ಫೋನು ರಿಂಗಾಯಿತು. ಕಂಡರಿಯದ ಉದ್ದನೆಯ ನಂಬರು. ಅಂಗಳಕ್ಕೆ ಹಾರಿ ಬಂದು ಕಿವಿಗೆ ಹಿಡಿದ.

"ನಾನ್ರಿ. ಆರಾಮ ಅದೇನಿ."

ಅವಳದೇ ದನಿ. ಸಿದ್ರಾಯ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದ.

"ಒಬ್ಬೊಬ್ಬರಿಗೆ ಒಂದ ಮಿನಿಟ ಕೊಟ್ಟಾರ್ರಿ. ಹಿಂದ ಪಾಳಿ ನಿಂತೈತಿ. ಎಲ್ಲಿ ಅದೀರಿ?"

"ನಿಮ್ಮವ್ವನ ಹಂತೇಕ ಬಂದೇನಿ. ಅಕಿಗೇನೂ ಗೊತ್ತಿಲ್ಲ."

ಅವ್ವನ ಹೆಸರು ಕೇಳಿದ್ದೇ ತಡ, ಅವಳ ಉಸಿರು ನಡುವೆ ಮುರಿದದ್ದು ಅವನಿಗೆ ಕೇಳಿಸಿತು. ಎಷ್ಟು ಸಮೀಪ ಬಿತ್ತು, ಎಲ್ಲಿ ಅಡಗಿದ್ದೆ, ಯಾವಾಗ ಬರುತ್ತಿ ಎಂದು ಕೇಳುವುದೆಲ್ಲ ನಾಲಗೆಯ ತುದಿಯಲ್ಲಿತ್ತು. ತಿರುಗಿ ನೋಡಿದ. ಕಾಶೆವ್ವ ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದು ನಿಂತಿದ್ದಳು.

"ದಾಕ್ಷಿನೇನ್ರಿ?"

ಸಿದ್ರಾಯ ಎರಡು ಹೆಜ್ಜೆ ಇಟ್ಟು ಫೋನನ್ನು ಅತ್ತೆಯ ಕಿವಿಗೆ ಹಿಡಿದ.

"ಕೇಳಾಕತ್ತೇತೇನವ್ವಾ?" ಆಫ್ರಿಕಾಕ್ಕೆ ಮುಟ್ಟಲೆಂಬಂತೆ ಕಾಶೆವ್ವ ಕೂಗಿದಳು. "ಕರಿ ಕುರಿ ಎರಡ ಮರಿ ಹಾಕೇತಿ. ಒಂದಕ್ಕ ಹಾಲ ಸಾಲೂದಿಲ್ಲ, ಬಾಟ್ಲಿ ಹಿಡಿತೇನಿ. ಬಾಜೂ ಹೊಲದ ಸುಂದ್ರವ್ವ ಹೊಸಾ ಮನಿ ಪಾಯಾ ತಗಸ್ಯಾಳ, ನಮ್ಮ ಬದುವಿನ ಮ್ಯಾಲ ಮಣ್ಣ ಒಗದಾಳ, ಬೈದು ಬಂದ್ನಿ. ತಲಿಗಿ ಎಣ್ಣಿ ಹಚ್ಕೋತೀಯಿಲ್ಲ? ಹಾಂ? ನಿಮ್ಮಪ್ಪನ ಕೆಮ್ಮ ಕಡಿಮಿ ಆಗೇತಿ..."

ಹೆಂಡತಿಯ ದನಿ ಸಿದ್ರಾಯನ ಅಂಗೈಯೊಳಗೇ ಇತ್ತು. ಕಿವಿಗೆ ಮಾತ್ರ ಬೀಳುತ್ತಿರಲಿಲ್ಲ. ತುಸು ಮುಂದೆ ಬಾಗಿದರೆ ಕೇಳಿಸೀತೇನೋ. ಬಾಗಲಿಲ್ಲ. ಫೋನು ಅಲುಗಾಡದಂತೆ ಹಿಡಿದು ನಿಂತ.

"ಹಲೋ... ಹಲೋ... ಹೋತಲ್ರಿ!" ಕಾಶೆವ್ವ ಗಾಬರಿಯಾಗಿ ಅವನ ಮುಖ ನೋಡಿದಳು. "ಅಯ್ಯ, ನಿಮಗ ಮಾತಾಡಾಕ ಬಿಡಲೇ ಇಲ್ಲಲ್ಲ ನಾ. ಎಂಥಾ ಹೆಂಗಸು! ಮತ್ತ ಹಚ್ಚರಿ."

"ಹತ್ತೂದಿಲ್ರಿ ಅದು. ಇರ್ಲಿ ಬಿಡ್ರಿ. ಅಕಿ ಏನಂದ್ಲು?"

"ಏನೂ ಅನ್ನಲಿಲ್ಲ. ನಾ ಉಸರ ತಗೊಳ್ಳಾಕ ನಿಂತ್ರ, 'ಇನ್ನಷ್ಟ ಮಾತಾಡ ಬೇ' ಅಂತಿದ್ಲು. ಅಷ್ಟ." ಕಾಶೆವ್ವ ಕೈಗೆ ಅಂಟಿದ ಹಿಟ್ಟನ್ನು ಉಜ್ಜಿದಳು. "ಎಂದೂ ಹಂಗ ಅಂದಾಕಿ ಅಲ್ಲ."

ಅಳಿಯನ ಮುಖವನ್ನು ಒಮ್ಮೆ ದಿಟ್ಟಿಸಿ ಒಳಗೆ ಹೋದಳು. ಸಿದ್ರಾಯನೂ ಹೋಗಿ ಆರಿದ ತಾಟಿನ ಮುಂದೆ ಕುಳಿತ. ಹೆಂಚಿನ ಮೇಲೆ ರೊಟ್ಟಿ ಸೀದಿತ್ತು. ಅದನ್ನು ತೆಗೆದಿಟ್ಟು ಕಾಶೆವ್ವ ಮತ್ತೊಂದು ಮುದ್ದೆಗೆ ಕೈ ಹಾಕಿದಳು.

"ಅತ್ತಿ," ಎಂದ ಸಿದ್ರಾಯ, ತಲೆಯೆತ್ತದೆ. "ಅಕಿಗೆ ಹೇಳಿದ್ದೆಲ್ಲಾ ನನಗೂ ಒಮ್ಮಿ ಹೇಳ್ರಿ."

ಕಾಶೆವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ಆಮೇಲೆ ರೊಟ್ಟಿ ಬಡಿಯುವ ಸಪ್ಪಳದ ನಡುವೆ, ಮೊದಲಿನಷ್ಟೇ ದೊಡ್ಡ ದನಿಯಲ್ಲಿ ಶುರುಮಾಡಿದಳು: "ಕರಿ ಕುರಿ ಎರಡ ಮರಿ ಹಾಕೇತಿ..."