ಹಪ್ಪಳಕ್ಕೊಂದು ಶಬ್ದ

ಹಪ್ಪಳದ ಹಿಟ್ಟಿನ ಇಂಗಿನ ವಾಸನೆ ಬಂದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಕೋಪರಿಯ ನಮ್ಮ ಚಾಳಿನಲ್ಲಿ ಅಪ್ಪನ ತಂಗಿ, ನನ್ನ ಅತ್ತೆ, ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದಳು. ಹಪ್ಪಳ ಲಟ್ಟಿಸುತ್ತಲೇ ಓದು. ಒಂದೊಂದು ಹಪ್ಪಳಕ್ಕೆ ನಾನೊಂದು ಕಠಿಣ ಇಂಗ್ಲಿಷ್ ಶಬ್ದ ಕೇಳಬೇಕು, ಅವಳು ಅರ್ಥ ಹೇಳಬೇಕು.

ಆ ಮಧ್ಯಾಹ್ನ ವಿಜಾಪುರದಿಂದ ವರನ ಕಡೆಯವರು ಬಂದರು. ಅತ್ತೆ ಹಿಟ್ಟಿನ ಕೈ ತೊಳೆದು ಬಂದು, ಸೆರಗಿನ ತುದಿ ಸುತ್ತುತ್ತ, ಬಿಚ್ಚುತ್ತ ಕೂತಳು.

“ಹುಡುಗ ಒಪ್ಪಿಗಿ ಆದನೇನವಾ?” ವರನ ಸೋದರಮಾವ ಕೇಳಿದರು.

“ರಿಲಕ್ಟಂಟ್,” ಎಂದಳು ಅತ್ತೆ.

“ಭಾಳ ಶಾಣ್ಯಾಕಿ ಅದಾಳ!” ಇಂಗ್ಲಿಷಿನಲ್ಲಿ ಹೂಂ ಅಂದಳೆಂದುಕೊಂಡು ಅವರೆಲ್ಲ ನಕ್ಕರು.

ನಮ್ಮ ಅಜ್ಜ ಮಾತ್ರ ನನ್ನತ್ತ ತಿರುಗಿದ. “ಏನಂದ್ಳವಾ ನಿಮ್ಮತ್ತಿ?”

ಅತ್ತೆ ನನ್ನನ್ನೇ ನೋಡುತ್ತಿದ್ದಳು, ಶಬ್ದ ಕೇಳಿದ ಮೇಲೆ ನಾನು ಅವಳನ್ನು ನೋಡುತ್ತಿದ್ದ ಹಾಗೆ.

“ಮನಸ್ಸಿಲ್ಲಂತ, ಅಜ್ಜಾ,” ಎಂದೆ.