ಎಂಟನೆಯ ಬಡಿತ

ಏಳನೆಯ ಬಡಿತಕ್ಕೆ ತಂಬೂರು ಗ್ರಾಮದ ಚರ್ಚಿನ ಗಂಟೆ ನಿಲ್ಲಬೇಕಿತ್ತು. ಸತ್ತವರ ವಯಸ್ಸಿನಷ್ಟು ಸಲ ಬಾರಿಸುವುದು ಅಲ್ಲಿಯ ರೂಢಿ. ನಿನ್ನೆ ಹಾವು ಕಚ್ಚಿ ತೀರಿಕೊಂಡ ಕರುಣಾಳಿಗೆ ಏಳು ವರ್ಷ. ಹಗ್ಗ ಹಿಡಿದು ನಿಂತವಳು ಅವಳ ತಾಯಿ ಎಸ್ತೇರವ್ವ. ಹನ್ನೆರಡು ವರ್ಷದಿಂದ ಆ ಗಂಟೆ ಬಾರಿಸುವುದು ಅವಳದೇ ಕೆಲಸ.

ಬಾಜು ಮನೆಯ ರೇಣುಕವ್ವ ಕಣ್ಣೊರೆಸಿಕೊಂಡು, "ಇಷ್ಟು ವರ್ಷ ಬಾರಿಸಿದ್ಯಲ್ಲಬೇ, ನಿಮ್ಮ ದೇವರಿಗೆ ಒಂದ್ಸಲನೂ ಕೇಳಸಲಿಲ್ಲೇನ?" ಎಂದಳು.

ಎಸ್ತೇರವ್ವ ಹಗ್ಗವನ್ನು ಅಂಗೈಗೆ ಬಿಗಿಯಾಗಿ ಸುತ್ತಿಕೊಂಡು ಮತ್ತೆ ಜಗ್ಗಿದಳು. ಎಂಟು.

ಪಾದ್ರಿ ಗಾಬರಿಯಿಂದ ಓಡಿಬಂದರು. "ತಪ್ಪಾತವ್ವ, ಏಳಕ್ಕ ಮುಗೀತು."

"ಮುಗದದ್ದು ನಿಮ್ಮ ಲೆಕ್ಕರಿ, ಅಯ್ಯನವರ. ಯೇಸುಸ್ವಾಮಿ ಹತ್ರ ಆಕಿಗೆ ಎಂಟೂ ತುಂಬತೈತಿ, ಒಂಬತ್ತೂ ತುಂಬತೈತಿ," ಎಂದು ಎಸ್ತೇರವ್ವ ಇನ್ನೊಮ್ಮೆ ಮೈಯ ಭಾರವೆಲ್ಲ ಹಾಕಿ ಜಗ್ಗಿದಳು.